ಜುಲೈ ತಿಂಗಳ ತೂಕ

ರಜನಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿದಳು, ಇನ್ನೊಮ್ಮೆ ಗೋಡೆಯ ಮೇಲಿನ ಲಕ್ಷ್ಮಿಯ ಪಟದ ಕಡೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಲಕ್ಷ್ಮಿ ಇದ್ದಳು, ಆದರೆ ಅವಳು ಯಾರಿಗೂ ಹೇಳುವವಳಲ್ಲ.

"ಹತ್ತೇ ನಿಮಿಷ ಮಾರಾಯ್ತಿ. ಶಶಿ ಸರ್ ಬ್ಯಾಂಕಿಂದ ಬರೋದ್ರೊಳಗೆ ಇದು ವಾಪಸ್ ಡಬ್ಬಿಗೆ ಬೀಳ್ಬೇಕು" ಎಂದಳು ಎದುರು ಕೂತಿದ್ದ ತನುಜಾಳಿಗೆ.

ಡಬ್ಬಿಯೊಳಗೆ ಎಂಟು ಪೆನ್‌ಡ್ರೈವ್‌ಗಳಿದ್ದವು. ವರ್ಷಕ್ಕೊಂದು. ಒಂದೊಂದರ ಕೊರಳಿಗೂ ಅರಿಶಿನದ ದಾರ.

ಮೂಡಿಗೆರೆಯ ಈ ಗಿರಿಜಾಂಬಾ ಕಾಫಿ ಮಂಡಿಗೆ ಕಂಪ್ಯೂಟರ್ ಬಂದಿದ್ದು ಜಿಎಸ್‌ಟಿ ಬಂದ ವರ್ಷ. ಅಂದಿನಿಂದ ಪ್ರತಿ ಶುಕ್ರವಾರ ಲೆಕ್ಕ ಬರೆಯುವ ರಜನಿ ಅದಕ್ಕೆ ಕುಂಕುಮ ಇಟ್ಟು, ಒಂದು ದಾಸವಾಳ ಏರಿಸಿ, ಊದುಬತ್ತಿ ಬೆಳಗುತ್ತಿದ್ದಳು. ಪೂಜೆ ಮುಗಿದ ಮೇಲೆ ಪ್ರಸಾದ ತೆಗೆದಿಟ್ಟ ಹಾಗೆ ಆ ವಾರದ ಲೆಕ್ಕವನ್ನೆಲ್ಲ ಪೆನ್‌ಡ್ರೈವಿಗೆ ತೆಗೆದಿಡುತ್ತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಮರುವರ್ಷದ ಕೊನೆಗೆ ಆ ಕಂಪ್ಯೂಟರು ಕೆಟ್ಟು ಆ ವರ್ಷದ ಲೆಕ್ಕ ಪೂರ್ತಿ ಅಳಿಸಿಹೋಯಿತು ಎಂದು ಎಲ್ಲರೂ ಕೈ ಚೆಲ್ಲಿದಾಗ ಅವಳು ಡಬ್ಬಿಯ ಮಾತೆತ್ತಲಿಲ್ಲ. ಏಕೆಂದರೆ ಯಾರೂ ಅವಳನ್ನು ಕೇಳಲಿಲ್ಲ.

ಏಳು ವರ್ಷದ ಮೇಲೆ ಕೇಳಿದವಳು ತನುಜಾ ಒಬ್ಬಳೇ.

ಊರಿನವರ ಲೆಕ್ಕಕ್ಕೆ ತನುಜಾ ಚಿಕ್ಕಮಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗಿ. ಮಂಡಿಯ ಖರೀದಿ, ದಾಸ್ತಾನು, ಬಿಲ್ಲು ಎಲ್ಲವನ್ನೂ ಹೊಸ ಸಾಫ್ಟ್‌ವೇರಿಗೆ ಕೂರಿಸಿಕೊಡಲು ಬಂದವಳು. ಆದರೆ ಅವಳು ಈ ಮಂಡಿಯ ಗೋಡೌನಿನ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್ ಹಾಲೇಶಪ್ಪನ ಮಗಳು, ಬಂದಿರುವುದು ಅಪ್ಪನ ಹೆಸರಿಗೆ ಮೆತ್ತಿದ ಕೊಳೆ ತೊಳೆಯಲಿಕ್ಕೆ ಎಂಬುದು ಮಂಡಿಯವರಿಗೆ ಗೊತ್ತಿರಲಿಲ್ಲ. ಹಾಗೆಂದು ಅವಳು ನಂಬಿದ್ದಳು.

ಹದಿನೇಳನೇ ಲಾಟ್. ಇನ್ನೂರ ಹನ್ನೆರಡು ಮೂಟೆ ಅರೇಬಿಕಾ ಪಾರ್ಚ್‌ಮೆಂಟ್, ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ. ಕಂಪ್ಯೂಟರು ಕೆಟ್ಟ ಆ ವರ್ಷವೇ ಡಿಸೆಂಬರಿನಲ್ಲಿ ಮಾರಾಟಕ್ಕೆಂದು ಮೂಟೆ ಬಿಚ್ಚಿದರೆ ಒಂದರಲ್ಲೂ ಕಾಫಿ ಇರಲಿಲ್ಲ, ಬರೀ ಕಾಫಿ ಸಿಪ್ಪೆ. ಬೀಗದ ಕೈ ಜೂನ್ ಮುಗಿಯುವ ತನಕ ಯಜಮಾನರ ಅಳಿಯ ಶಶಿಕಿರಣನ ಬಳಿ ಇತ್ತು. ಜುಲೈ ಒಂದರಿಂದ ಹಾಲೇಶಪ್ಪನ ಬಳಿ. ಕಳವು ಯಾರ ಕಾಲದಲ್ಲಾಯಿತು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೈ ಯಾರ ಸೊಂಟದಲ್ಲಿದೆಯೋ ಕಳ್ಳ ಅವನೇ.

ಪೊಲೀಸರನ್ನೂ ಕರೆಯಲಿಲ್ಲ. ಕರೆದಿದ್ದರೆ ಚೆನ್ನಾಗಿತ್ತು ಎಂದು ತನುಜಾಳಿಗೆ ಎಷ್ಟೋ ಸಲ ಅನ್ನಿಸಿದೆ. ಈ ಮಂಡಿಯಲ್ಲಿ ಗೋಡೌನಿನ ಕೈ ಬದಲಾಗುವಾಗ ಒಂದು ಪದ್ಧತಿಯಿದೆ. ಹಿತ್ತಾಳೆಯ ಹರಿವಾಣದಲ್ಲಿ ಒಂದು ಹಿಡಿ ಕಾಫಿ ಬೀಜ, ಎರಡು ವೀಳ್ಯದೆಲೆ ಇಟ್ಟು, ಅದರ ಮೇಲೆ ಬೀಗದ ಕೈ ಇಡುತ್ತಾರೆ. ಬಿಡುವವನು ಇಡುತ್ತಾನೆ, ಬರುವವನು ಕಣ್ಣಿಗೊತ್ತಿಕೊಂಡು ಎತ್ತಿಕೊಳ್ಳುತ್ತಾನೆ. ಅಂದು ಯಜಮಾನರು ಹರಿವಾಣ ತರಿಸಲಿಲ್ಲ. "ನೆಲದ ಮೇಲೆ ಇಡು" ಎಂದರು. ಕಾಫಿ ಒಣಗಿಸುವ ಕಣದ ನಡುವೆ, ಮೂವತ್ತು ಜನ ಬೆಳೆಗಾರರ ಎದುರು, ಹಾಲೇಶಪ್ಪ ಬಗ್ಗಿ ಬೀಗದ ಕೈಯನ್ನು ನೆಲಕ್ಕಿಟ್ಟು ಹೊರಟುಹೋದ. ಆ ದಿನದಿಂದ ಅಪ್ಪ ಕಾಫಿ ಕುಡಿದಿಲ್ಲ. ಈಗ ಚಿಕ್ಕಮಗಳೂರಿನ ಕಲ್ಯಾಣ ಮಂಟಪವೊಂದರಲ್ಲಿ ಚಪ್ಪಲಿಗೆ ಟೋಕನ್ ಕೊಡುತ್ತಾನೆ.

ತನುಜಾಳಿಗೆ ದುಡ್ಡು ಬೇಕಿರಲಿಲ್ಲ, ಕ್ಷಮೆಯೂ ಬೇಕಿರಲಿಲ್ಲ. ಶಶಿಕಿರಣ್ ಅದೇ ಕಣದಲ್ಲಿ, ಅದೇ ಜನರ ಎದುರು, ಅಷ್ಟೇ ಬಗ್ಗಬೇಕು. ಅಷ್ಟು ಸಾಕು.

ಅದಕ್ಕೆ ಉಳಿದಿದ್ದುದು ಇದೊಂದೇ ದಿನ. ಮಾರ್ಚ್ ಮೂವತ್ತೊಂದು. ಮಧ್ಯಾಹ್ನ ಮೂರಕ್ಕೆ ಶಶಿಕಿರಣ್ ಅಂದಿನಿಂದ ತನ್ನ ಬಳಿಯೇ ಇದ್ದ ಬೀಗದ ಕೈಯನ್ನು ಹೊಸ ರೈಟರನಿಗೆ ಒಪ್ಪಿಸಿ ಮಂಡಿಯ ಪಾಲುದಾರನಾಗುವವನಿದ್ದ. ಯಜಮಾನರು ಹಳೇ ಲೆಕ್ಕ ಮುಗಿಯಿತೆಂದು ರುಜು ಹಾಕುವವರಿದ್ದರು. ನಾಳೆಯಿಂದ ಹೊಸ ಸಾಫ್ಟ್‌ವೇರು. ಅದರೊಳಗೆ ಹದಿನೇಳನೇ ಲಾಟ್ ಎಂಬುದೊಂದು ಇತ್ತೆಂಬ ಗುರುತೇ ಇರುವುದಿಲ್ಲ.

ಎಂಟನೇ ನಿಮಿಷಕ್ಕೆ ಆ ವರ್ಷದ ಲೆಕ್ಕ ತನುಜಾಳ ಲ್ಯಾಪ್‌ಟಾಪಿಗೆ ನಕಲಾಯಿತು. ಹತ್ತನೇ ನಿಮಿಷಕ್ಕೆ ಶಶಿಕಿರಣನ ಜೀಪು ಗೇಟಿನೊಳಗೆ ಬಂತು. ಅಷ್ಟರಲ್ಲಿ ಡಬ್ಬಿ ಲಕ್ಷ್ಮಿಯ ಪಟದ ಹಿಂದೆ ಸೇರಿತ್ತು. ರಜನಿ ತೀರಾ ಗಂಭೀರವಾಗಿ ಪೆನ್ಸಿಲ್ ಚೂಪು ಮಾಡುತ್ತಿದ್ದಳು.

*

ತನುಜಾ ಇಳಿದುಕೊಂಡಿದ್ದುದು ಬಸ್ ಸ್ಟ್ಯಾಂಡ್ ಹಿಂದಿನ ತಂಗಮ್ಮನ ಮನೆಯ ಮಹಡಿ ಕೋಣೆಯಲ್ಲಿ. ತಂಗಮ್ಮ ಬಡಿಸಿಕೊಟ್ಟ ಕಡುಬು, ಚಟ್ನಿ ತಟ್ಟೆಯಲ್ಲಿ ತಣ್ಣಗಾದವು. ಅವಳು ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ.

ತಿಂಗಳ ಕೊನೆಯ ಶುಕ್ರವಾರ ಗೋಡೌನಿನ ಪ್ರತಿ ಲಾಟನ್ನೂ ತೂಗುವುದು ಈ ಮಂಡಿಯ ರೂಢಿ. ತೂಕದವರು ಕೂಗುತ್ತಾರೆ, ರಜನಿ ಸಾಫ್ಟ್‌ವೇರಿಗೆ ಹಾಕುತ್ತಾಳೆ. ತನುಜಾ ಆ ವರ್ಷದ ತೂಕವನ್ನು ಲಾಟಿನ ಪ್ರಕಾರ ಸಾಲಾಗಿ ನಿಲ್ಲಿಸಿದಳು.

ಹದಿನಾರನೇ ಲಾಟ್, ನೂರೈವತ್ತು ಮೂಟೆ. ಫೆಬ್ರವರಿಯಲ್ಲಿ ಏಳು ಸಾವಿರದ ಐನೂರು ಕೆಜಿ. ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲೂ ಅಷ್ಟೆ. ಜೂನಿನಲ್ಲಿ ಏಳು ಸಾವಿರದ ಐನೂರ ತೊಂಬತ್ತು. ಹದಿನೈದನೇ ಲಾಟ್ ಜೂನಿನಲ್ಲಿ ಏರಿದೆ. ಹದಿನೆಂಟು, ಹತ್ತೊಂಬತ್ತು, ಎಲ್ಲವೂ ಏರಿವೆ.

ಏರಲೇಬೇಕು. ಅವಳು ಒಂದನೇ ತರಗತಿಗೆ ಹೋಗುವ ಮೊದಲೇ ಅಪ್ಪ ಹೇಳಿಕೊಟ್ಟ ಪಾಠ ಅದು. ಕಾಫಿಗೆ ಬಾಯಾರಿಕೆ ಜಾಸ್ತಿ ಮಗಳೇ, ಬೇಸಿಗೆಯಲ್ಲಿ ಎಷ್ಟೇ ಒಣಗಿಸಿ ಕಟ್ಟಿಟ್ಟರೂ ಮಳೆ ಹಿಡಿದ ಕೂಡಲೇ ಗಾಳಿಯಲ್ಲಿರುವ ನೀರನ್ನು ಗೋಡೆಯೊಳಗೆ ಕೂತೇ ಕುಡಿಯುತ್ತದೆ. ಮೂಟೆಗೆ ಅರ್ಧ ಕೆಜಿ, ಒಂದು ಕೆಜಿ. ಆ ವರ್ಷವಂತೂ ಜೂನ್ ಮೊದಲ ವಾರಕ್ಕೇ ಮಳೆ ಹಿಡಿದು, ದೇವರಮನೆ ರಸ್ತೆಯಲ್ಲಿ ಎರಡು ಕಡೆ ಗುಡ್ಡ ಜರಿದಿತ್ತು.

ಹದಿನೇಳನೇ ಲಾಟ್. ಫೆಬ್ರವರಿಯಲ್ಲಿ ಹತ್ತು ಸಾವಿರದ ಆರುನೂರು. ಮೇ ತಿಂಗಳಲ್ಲಿ ಹತ್ತು ಸಾವಿರದ ಆರುನೂರು. ಜೂನ್, ಹೊರಗೆ ಕಾಲಿಡಲಾಗದ ಮಳೆ, ಹತ್ತು ಸಾವಿರದ ಆರುನೂರು.

ಒಂದು ಕೆಜಿ ಹೆಚ್ಚಿಲ್ಲ, ಒಂದು ಕೆಜಿ ಕಮ್ಮಿಯಿಲ್ಲ.

ತನುಜಾ ಕುರ್ಚಿಗೆ ಒರಗಿದಳು. ಜನ್ಮದಲ್ಲಿ ಒಂದು ಮೂಟೆಗೆ ಹೆಗಲು ಕೊಡದವನು ಮಾತ್ರ ಮಾಡುವ ತಪ್ಪು ಇದು. ಸಾಫ್ಟ್‌ವೇರಿಗೆ ಏನು ಗೊತ್ತು, ಹಾಕಿದ್ದನ್ನು ನುಂಗುತ್ತದೆ. ಅದಕ್ಕೆ ಮಳೆ ಬಂತೋ ಬಿಸಿಲು ಬಂತೋ ತಿಳಿಯದು. ಶಶಿಕಿರಣನೂ ಹಾಗೇ. ಗೋಡೌನಿನ ಕೈ ಸೊಂಟದಲ್ಲಿಟ್ಟುಕೊಂಡಿದ್ದನೇ ಹೊರತು ಗೋಡೌನಿನ ವಾಸನೆ ಅವನ ಅಂಗಿಗೆ ಹತ್ತಿರಲಿಲ್ಲ.

ಮುಂದಿನ ಸಾಲು ನೋಡಿ ಅವಳ ಕಣ್ಣು ತುಂಬಿ ಬಂತು. ಜುಲೈ, ಬೀಗದ ಕೈ ಅಪ್ಪನಿಗೆ ಬಂದ ಮೊದಲ ತಿಂಗಳು. ಹತ್ತು ಸಾವಿರದ ಎಂಟುನೂರ ಹನ್ನೆರಡು. ಮೂಟೆಗೆ ಸರಿಯಾಗಿ ಒಂದು ಕೆಜಿ ಏರಿಕೆ. ಅಪ್ಪನ ಕೈ ಅಂದರೆ ಅದು. ತೂಕ ಅಂದರೆ ತೂಕ.

ಜೂನನ್ನು ಕೆಂಪಿನಲ್ಲೂ ಜುಲೈಯನ್ನು ಹಸಿರಿನಲ್ಲೂ ಮಾಡಿ ಬಸ್ ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿದಳು.

ವಾಪಸು ಬಂದು ಲ್ಯಾಪ್‌ಟಾಪ್ ಮುಚ್ಚುವ ಮೊದಲು ಯಾಕೋ ಏನೋ ದಾಸ್ತಾನಿನ ಪಟ್ಟಿಯ ತೀರಾ ಕೆಳಗೆ ಇಳಿದಳು. ಮೂಟೆಗೆ ಚುಚ್ಚಿ ಮಾದರಿ ತೆಗೆಯುವ ತೂತುಕಡ್ಡಿ, ಹೊಲಿಯುವ ಸುತಳಿ, ಖಾಲಿ ಗೋಣಿ ಚೀಲ. ಗೋಣಿ ಚೀಲಕ್ಕೆ ಮಂಡಿಗಳಲ್ಲಿ ಇರುವಷ್ಟು ಕಟ್ಟುನಿಟ್ಟು ಲೆಕ್ಕ ಬಂಗಾರಕ್ಕೂ ಇರುವುದಿಲ್ಲ. ಬೆಳೆಗಾರ ಕಾಫಿ ತಂದು ಸುರಿದರೆ ಅವನ ಎಸ್ಟೇಟಿನ ಗುರುತು ಹಾಕಿದ ಚೀಲ ಅವನಿಗೆ ವಾಪಸು ಹೋಗಬೇಕು. ಒಂದು ಕಮ್ಮಿಯಾದರೂ ಮುಂದಿನ ವರ್ಷ ಅವನು ಬೇರೆ ಮಂಡಿಯ ಮುಂದೆ ಲಾರಿ ನಿಲ್ಲಿಸುತ್ತಾನೆ. ಅದಕ್ಕೇ ರಜನಿ ರುಜು ಹಾಕಿದ ಚೀಟಿಯಿಲ್ಲದೆ ಒಂದು ಚೀಲವನ್ನೂ ಹೊರಗೆ ಬಿಡುತ್ತಿರಲಿಲ್ಲ. ಬಿಟ್ಟಿದ್ದನ್ನು ಬರೆಯದೆ ಇರುತ್ತಿರಲಿಲ್ಲ.

ಮೇ ಇಪ್ಪತ್ತೆಂಟು, ಆ ತಿಂಗಳ ತೂಕ ಮುಗಿದ ಮೇಲೆ. ಖಾಲಿ ಗೋಣಿ ಚೀಲ, ಹೊರಗೆ ಕೊಟ್ಟಿದ್ದು: ಇನ್ನೂರ ಹನ್ನೆರಡು.

ಆ ವಾರ ಮಂಡಿಯಲ್ಲಿ ಒಂದು ಮೂಟೆಯೂ ಖರೀದಿಯಾಗಿರಲಿಲ್ಲ. ತುಂಬಲಿಕ್ಕೆ ಕಾಫಿಯೇ ಇಲ್ಲದಾಗ ಇನ್ನೂರ ಹನ್ನೆರಡು ಚೀಲ ಯಾರಿಗೆ, ಯಾಕೆ? ಕಾಫಿ ತನ್ನ ಚೀಲದ ಸಮೇತ ಹೊರಗೆ ಹೋಯಿತು. ಅದರ ಜಾಗದಲ್ಲಿ ಬೇರೆ ಚೀಲದಲ್ಲಿ ಸಿಪ್ಪೆ ಬಂದು ಕೂತಿತು. ಮೇ ತಿಂಗಳಲ್ಲೇ. ಕೈ ಶಶಿಕಿರಣನ ಸೊಂಟದಲ್ಲಿದ್ದಾಗಲೇ.

ಇದನ್ನೂ ಅಚ್ಚು ಹಾಕಿಸಿ, ನಾಲ್ಕಾಗಿ ಮಡಚಿ, ಬ್ಯಾಗಿನ ಒಳಜೇಬಿಗೆ ಸೇರಿಸಿದಳು. ಇದು ಕೊನೆಯ ಬಾಣ. ರಜನಿಗೆ ಹೇಳಲಿಲ್ಲ, ತಂಗಮ್ಮನಿಗೆ ಹೇಳಲಿಲ್ಲ, ಅಪ್ಪನಿಗೆ ಫೋನೂ ಮಾಡಲಿಲ್ಲ. ಶಶಿಕಿರಣ್ ಜೂನಿನ ತೂಕಕ್ಕೆ ಏನಾದರೂ ನೆಪ ಹೇಳಿ ಜಾರಿಕೊಳ್ಳಲು ನೋಡುತ್ತಾನಲ್ಲ, ಆಗ ಇದನ್ನು ಬಿಡಿಸಿ ಅವನ ಮುಖದ ಎದುರು ಹಿಡಿಯುವುದು.

ಎರಡು ಕಾಗದವನ್ನೂ ಒಂದರ ಪಕ್ಕ ಒಂದಿಟ್ಟು ಸಮಾಧಾನದಲ್ಲಿ ಓದಿದ್ದರೆ ಅವಳಿಗೆ ಆಗಲೇ ಏನೋ ಕಾಣುತ್ತಿತ್ತು. ಆದರೆ ಏಳು ವರ್ಷದ ಹಗೆ ಮನುಷ್ಯರನ್ನು ನಿಧಾನವಾಗಿ ಓದಗೊಡುವುದಿಲ್ಲ.

*

ಕಣದಲ್ಲಿ ತೂಕದ ತಮ್ಮಯ್ಯ ಕೊನೆಯ ಕೊಯ್ಲಿನ ಚೆರಿಯನ್ನು, ಸಿಪ್ಪೆ ಸಮೇತದ ಕಾಫಿ ಹಣ್ಣನ್ನು, ಕಾಲಿನಿಂದ ಗೀರು ಎಳೆದು ಹರವುತ್ತಿದ್ದ. ಎರಡು ದಿನದ ಹಿಂದೆ ಬಿದ್ದ ಮಳೆಗೆ ಗುಡ್ಡದ ತೋಟಗಳೆಲ್ಲ ಬೆಳ್ಳಗೆ ಹೂವಾಗಿದ್ದವು. ಗಾಳಿ ತಿರುಗಿದಾಗಲೆಲ್ಲ ಪರಿಮಳ ಕಣದ ತನಕ ಬರುತ್ತಿತ್ತು.

ತನುಜಾ ಮೆಲ್ಲಗೆ ಮಾತಿಗೆಳೆದಳು. ಮಂಡಿಯಲ್ಲಿ ಮೂವತ್ತೆರಡು ವರ್ಷ ತಕ್ಕಡಿ ಹಿಡಿದ ಮನುಷ್ಯ ಸುತ್ತಿ ಬಳಸಿ ಕೊನೆಗೆ ಹೇಳಿದ. ಆ ಜೂನಿನಲ್ಲಿ ಹದಿನೇಳನೇ ಲಾಟ್ ತೂಗಲೇ ಇಲ್ಲ. ಅದು ಹಿಂದಿನ ಗೋಡೆಗೆ ಒತ್ತಿಕೊಂಡಿದೆ, ಮುಂದಿನದನ್ನೆಲ್ಲ ಇಳಿಸೋದು ಯಾರು, ಹೋದ ತಿಂಗಳದ್ದನ್ನೇ ಕೂಗಿಬಿಡು ಅಂದಿದ್ದರಂತೆ ಶಶಿ ಸಾಹುಕಾರರು. ಜುಲೈದು ಕೇಳಿದಾಗ ತಮ್ಮಯ್ಯ ಚೆರಿಯ ಕಡೆ ನೋಡುತ್ತ, ಆ ವಾರ ತನ್ನ ಗದ್ದೆಯಲ್ಲಿ ನಾಟಿ ಇತ್ತು, ತಾನು ಊರಲ್ಲಿರಲಿಲ್ಲ, ಹಾಲೇಶಪ್ಪನವರು ಒಬ್ಬರೇ ತೂಗಿಕೊಂಡರು ಎಂದ.

ಒಬ್ಬರೇ ಇನ್ನೂರ ಹನ್ನೆರಡು ಮೂಟೆ ತೂಗುವುದು ಹೇಗೆ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಅವಳಿಗೆ ಬೇಕಾದ ಜೂನ್ ಸಿಕ್ಕಿತ್ತು.

ಹೊರಡುವಾಗ ಅಭ್ಯಾಸದಂತೆ ಒಂದು ಬೀಜ ಹೆಕ್ಕಿ ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಕಟ್ ಎಂದಿತು. ಒಣಗಿದೆ.

ತಮ್ಮಯ್ಯ ತಲೆ ಎತ್ತದೆ, "ಹಾಗೆ ಕಚ್ಬೇಡ ಮಗಾ, ಜನ ನೋಡ್ತಾರೆ" ಎಂದ.

*

ಮೂರು ಗಂಟೆಗೆ ಯಜಮಾನ ಗಂಗಾಧರಪ್ಪ ಬೆತ್ತದ ಕುರ್ಚಿಯಲ್ಲಿ ಬಂದು ಕೂತರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಕೈಯಲ್ಲಿ ಕೋಲು. ಎಪ್ಪತ್ತಾರು ವರ್ಷವಾದರೂ ಮಾತು ಕಮ್ಮಿ, ನೋಟ ಜಾಸ್ತಿ. ಸುತ್ತ ಹತ್ತಿಪ್ಪತ್ತು ಬೆಳೆಗಾರರು. ಮಲ್ಲಂದೂರಿನ ಬೆಳ್ಳಿಯಪ್ಪ ಎಲ್ಲರಿಗಿಂತ ಮುಂದೆ. ಏಳು ವರ್ಷದ ಹಿಂದೆ ಇದೇ ಕಣದಲ್ಲಿ, ನಮ್ಮ ಕಾಫಿನ ಕಚ್ಚಿ ಕಚ್ಚಿ ನೋಡ್ತಿದ್ದೋನು ಕೊನೆಗೆ ನುಂಗೇಬಿಟ್ಟ ಎಂದು ನಗಿಸಿದವನು ಇದೇ ಬೆಳ್ಳಿಯಪ್ಪ. ತನುಜಾ ಆ ಮಾತನ್ನು ಇಷ್ಟು ವರ್ಷವೂ ಬಡ್ಡಿ ಸಮೇತ ಕಾಪಾಡಿಕೊಂಡು ಬಂದಿದ್ದಳು.

ಮೂಟೆಗಳ ಅಟ್ಟಿಯ ಮೇಲೆ ಹರಿವಾಣ. ಬೀಜ, ಎಲೆ. ಶಶಿಕಿರಣ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಗುತ್ತ ಬಂದು ಬೀಗದ ಕೈ ಗೊಂಚಲನ್ನು ಅದರ ಮೇಲಿಟ್ಟ. ಎತ್ತಿಕೊಳ್ಳಬೇಕಾದ ಹೊಸ ರೈಟರ್ ಅಂಗಿಯ ಗುಂಡಿ ಸರಿಮಾಡಿಕೊಂಡ.

"ಒಂದು ನಿಮಿಷ ಯಜಮಾನ್ರೇ" ಎಂದಳು ತನುಜಾ. "ಹೊಸ ಸಾಫ್ಟ್‌ವೇರಲ್ಲಿ ಒಂದು ಲೆಕ್ಕ ಬಾಕಿ ಉಳಿದಿದೆ. ಮಳೆಗಾಲದಲ್ಲಿ ತೂಕ ಏರುತ್ತಲ್ಲ, ಅದಕ್ಕೆ ಮೂಟೆಗೆ ಎಷ್ಟು ಹಾಕ್ಲಿ ಶಶಿ ಸರ್?"

ಶಶಿಕಿರಣನಿಗೆ ಈ ಪ್ರಶ್ನೆ ಹಿತವಾಗಿತ್ತು. ತಿಳಿದವನನ್ನು ತಿಳಿಯದವರು ಕೇಳುವ ಪ್ರಶ್ನೆ. "ಒಂದು ಕೆಜಿ ಹಾಕಿ ಮೇಡಂ. ನಮ್ಮ ಮೂಡಿಗೆರೆ ಮಳೆ ಅಂದ್ರೆ ಸುಮ್ನೆ ಅಲ್ಲ."

"ಏರದೇ ಇರೋ ಕಾಫಿನೂ ಇರುತ್ತಾ?"

ಬೆಳ್ಳಿಯಪ್ಪ ಮಧ್ಯೆ ಬಾಯಿ ಹಾಕಿದ. "ಏರದೇ ಇದ್ರೆ ಅದು ಕಾಫಿ ಅಲ್ಲ ತಾಯಿ, ಜಲ್ಲಿಕಲ್ಲು."

ಎಲ್ಲರೂ ನಕ್ಕರು. ಶಶಿಕಿರಣನೂ ನಕ್ಕ. ತನುಜಾ ಆ ನಗು ಪೂರ್ತಿ ಮುಗಿಯುವ ತನಕ ಕಾದಳು. ಆಮೇಲೆ ಕಾಗದವನ್ನು ಯಜಮಾನರ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ, ಅವಸರವಿಲ್ಲದೆ ಓದಿದಳು. ಏಳು ವರ್ಷದ ಹಿಂದಿನ ಜೂನ್. ಹದಿನೈದು ಏರಿದೆ, ಹದಿನಾರು ಏರಿದೆ, ಹದಿನೆಂಟು ಏರಿದೆ. ಇನ್ನೂರ ಹನ್ನೆರಡು ಮೂಟೆಯ ಹದಿನೇಳು ಮಾತ್ರ ಬೇಸಿಗೆಯ ತೂಕದಲ್ಲೇ ನಿಂತಿದೆ. ಆ ತಿಂಗಳು ಅದನ್ನು ತೂಗಿಲ್ಲ. ಯಾಕೆ ತೂಗಿಲ್ಲವೆಂದರೆ ತೂಗಿದ್ದರೆ ಸಿಪ್ಪೆ ಸಿಕ್ಕಿಬೀಳುತ್ತಿತ್ತು. ಆಗ ಕೈ ಇದ್ದುದು ಹಾಲೇಶಪ್ಪನ ಹತ್ತಿರ ಅಲ್ಲ.

ಯಜಮಾನರು ಕನ್ನಡಕ ಹಾಕಿಕೊಂಡು ಕಾಗದವನ್ನು ಹತ್ತಿರ ಹಿಡಿದರು. ತಮ್ಮಯ್ಯನ ಕಡೆ ನೋಡಿದರು. ತಮ್ಮಯ್ಯ ಹೌದೆಂದು ತಲೆಯಾಡಿಸಿದ.

"ನೀನು ಯಾರಮ್ಮ?" ಎಂದರು.

"ಹಾಲೇಶಪ್ಪನ ಮಗಳು."

ಹೇಳಿದ ಮೇಲೆ ಅವಳಿಗೆ ಮೈಯೆಲ್ಲ ಹಗುರವಾಯಿತು. ಬೆಳ್ಳಿಯಪ್ಪನ ಬಾಯಿ ಅರ್ಧ ತೆರೆದಿತ್ತು. ಅವಳು ಶಶಿಕಿರಣನ ಮುಖ ನೋಡಿದಳು, ಆ ಮುಖದ ಬಣ್ಣ ಇಳಿಯುವುದನ್ನು ಒಂದು ಕ್ಷಣವೂ ಬಿಡದೆ ನೋಡಬೇಕೆಂದು.

ಬಣ್ಣ ಇಳಿದಿರಲಿಲ್ಲ.

"ನನಗೆ ಮೊದಲನೇ ದಿನವೇ ಗೊತ್ತಾಯ್ತು" ಎಂದ ಶಶಿಕಿರಣ್. "ಕಂಪ್ಯೂಟರ್ ಕಲಿತು ಬಂದೋರು ಯಾರೂ ಬೀಜ ಕಚ್ಚಿ ನೋಡಲ್ಲ, ತನುಜಾ." ಮೇಡಂ ಹೋಗಿ ಹೆಸರು ಬಂದಿತ್ತು. ಅವನು ಮಾವನ ಕಡೆ ತಿರುಗಿ, ತಪ್ಪಾಯಿತೆಂದು ಕೈ ಜೋಡಿಸಿದ. ಜೂನಿನಲ್ಲಿ ಆ ಲಾಟನ್ನು ತೂಗಿಸದೆ ಹಳೇ ಅಂಕಿ ಬರೆಸಿದ್ದು ನಿಜ, ಮಳೆಗೆ ಬೇಸತ್ತು ಮಾಡಿದ ಸೋಮಾರಿತನ, ಅದಕ್ಕೆ ಏನು ದಂಡ ಹಾಕಿದರೂ ಕಟ್ಟುತ್ತೇನೆ ಎಂದ.

ಆಮೇಲೆ ಅವಳ ಕಡೆ ಬಂದ. "ಈಗ ಅದರ ಕೆಳಗಿನ ಸಾಲು ಓದು. ಹಸಿರು ಬಣ್ಣದ್ದು. ನೀನೇ ತಂದಿದ್ದು."

ತನುಜಾ ಓದಲಿಲ್ಲ. ಯಜಮಾನರು ಓದಿದರು. "ಜುಲೈ. ಹತ್ತು ಸಾವಿರದ ಎಂಟುನೂರ ಹನ್ನೆರಡು."

"ತಮ್ಮಯ್ಯ, ಒಂದು ಮೂಟೆ ಸಿಪ್ಪೆ ಎಷ್ಟು ತೂಗುತ್ತೆ?"

"ಹದಿನೈದು ಕೆಜಿ ಬರ್ಬೋದು ಸಾಹುಕಾರ್ರೆ. ತುಳಿದು ತುಂಬಿದ್ರೆ ಇಪ್ಪತ್ತು."

"ಇವಳ ಕಾಗದದ ಪ್ರಕಾರ ಜುಲೈನಲ್ಲಿ ಮೂಟೆ ಐವತ್ತೊಂದು ಕೆಜಿ ತೂಗಿದೆ. ಅಂದ್ರೆ ಒಳಗೆ ಕಾಫಿ ಇತ್ತು. ಮಳೆ ಕುಡಿದು ದಪ್ಪ ಆದ ಕಾಫಿ. ಜುಲೈನಲ್ಲಿ ಬೀಗದ ಕೈ ಯಾರ ಹತ್ರ ಇತ್ತು ಮಾವ?"

ಹತ್ತಿಪ್ಪತ್ತು ಜೋಡಿ ಕಣ್ಣು ತನುಜಾಳ ಕಡೆ ತಿರುಗಿದವು.

"ಇಲ್ಲ, ಕಾಫಿ ಮೊದಲೇ ಹೋಗಿತ್ತು ಅಂತೀಯಾ? ಹಾಗೇ ಆಗ್ಲಿ" ಎಂದ ಅವನು ಮೆತ್ತಗೆ, ಮಗುವಿಗೆ ಮಗ್ಗಿ ಹೇಳಿಕೊಡುವವನ ಹಾಗೆ. "ನಾನು ತೂಗದೆ ಸುಳ್ಳು ಬರೆದೆ, ದಡ್ಡ, ಹಳೇ ಅಂಕಿನೇ ಬರೆದೆ. ಜುಲೈನಲ್ಲಿ ಇಲ್ಲದ ಕಾಫಿಗೆ ಮಳೆ ತೂಕ ಸೇರಿಸಿ, ಮೂಟೆಗೆ ಒಂದು ಕೆಜಿ ಲೆಕ್ಕ ಹಾಕಿ, ಯಾರಿಗೂ ಸಂಶಯ ಬಾರದ ಹಾಗೆ ಬರೆದೋರು ಯಾರು? ಅಷ್ಟು ಚೆನ್ನಾಗಿ ಕಾಫಿ ಗೊತ್ತಿರೋ ರೈಟರ್ ಈ ಮಂಡಿಯಲ್ಲಿ ಒಬ್ರೇ ಇದ್ರು."

ಕಾಫಿಗೆ ಬಾಯಾರಿಕೆ ಜಾಸ್ತಿ ಮಗಳೇ. ಅಪ್ಪನ ದನಿ ಕಿವಿಯೊಳಗೇ ಇತ್ತು.

ಅವಳ ಕೈ ಬ್ಯಾಗಿನ ಒಳಜೇಬಿಗೆ ಹೋಯಿತು. ನಾಲ್ಕಾಗಿ ಮಡಚಿದ ಕಾಗದ ಬೆರಳಿಗೆ ತಾಗಿತು. ಮೇ ಇಪ್ಪತ್ತೆಂಟು, ಇನ್ನೂರ ಹನ್ನೆರಡು ಗೋಣಿ ಚೀಲ. ಇದನ್ನು ಹೊರಗೆ ತೆಗೆದರೆ ಶಶಿಕಿರಣನ ಕಥೆ ಇಲ್ಲಿಗೇ ಮುಗಿಯುತ್ತದೆ. ಕಾಫಿ ಹೋದದ್ದು ಅವನ ಕಾಲದಲ್ಲೇ ಎಂದು ಸಾಬೀತಾಗುತ್ತದೆ, ಅವನು ಇದೇ ಕಣದಲ್ಲಿ ಬಗ್ಗಬೇಕಾಗುತ್ತದೆ. ಆದರೆ ಅದೇ ಉಸಿರಿಗೆ ಇನ್ನೊಂದೂ ಸಾಬೀತಾಗುತ್ತದೆ. ಜುಲೈನಲ್ಲಿ ಅಪ್ಪ ತೂಗಿದ್ದು ಕಾಫಿಯನ್ನಲ್ಲ. ಅಪ್ಪ ಗೊತ್ತಿದ್ದೇ ಬರೆದದ್ದು. ಇವನು ಕದ್ದದ್ದನ್ನು ಅಪ್ಪ ಮುಚ್ಚಿದ್ದು.

ತೆಗೆದರೆ ಇಬ್ಬರೂ ಬೀಳುತ್ತಾರೆ. ತೆಗೆಯದಿದ್ದರೆ ಅಪ್ಪ ಒಬ್ಬನೇ ಬೀಳುತ್ತಾನೆ, ಎರಡನೇ ಸಲ, ಈ ಸಲ ಮಗಳ ಕೈಯಿಂದ.

ಯಜಮಾನರು ಅವಳ ಕೈ ಬ್ಯಾಗಿನಲ್ಲಿ ನಿಂತದ್ದನ್ನು ನೋಡಿದರು. ಆ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

"ಇನ್ನೂ ಏನಾದ್ರೂ ಇದೆಯಾ ತಾಯಿ ನಿನ್ನ ಹತ್ರ?"

ತನುಜಾಳ ಬೆರಳು ಕಾಗದವನ್ನು ಹಿಸುಕಿತು. ಶಶಿಕಿರಣ್ ಮೊದಲ ಬಾರಿಗೆ ಅವಳ ಬ್ಯಾಗಿನ ಕಡೆ ನೋಡಿದ. ಅವನ ನಗು ಎಲ್ಲೋ ಒಂದು ಕಡೆ ಸಣ್ಣಗೆ ಹರಿಯಿತು. ಹೆದರಿದ್ದಾನೆ ಎಂದುಕೊಂಡಳು. ಆ ಹೆದರಿಕೆಯನ್ನು ಇನ್ನಷ್ಟು ನೋಡುವ ಆಸೆ ಎಂಥದಿತ್ತೆಂದರೆ ಕೈ ತಾನಾಗಿಯೇ ಅರ್ಧ ಹೊರಗೆ ಬಂದಿತ್ತು.

"ಇದೆ" ಎಂದಳು. "ಆದರೆ ಇವತ್ತಲ್ಲ. ನಾಳೆ ಬೆಳಿಗ್ಗೆ ತನಕ ಬೀಗದ ಕೈ ಹರಿವಾಣದಲ್ಲೇ ಇರ್ಲಿ ಯಜಮಾನ್ರೇ. ಯಾರೂ ಎತ್ತೋದು ಬೇಡ. ನಮ್ಮಪ್ಪನ ಹತ್ರ ಅದನ್ನ ನೆಲದ ಮೇಲೆ ಇಡಿಸಿದ್ರಿ, ನನಗೆ ಇಷ್ಟು ಮಾಡಿ."

ಗಂಗಾಧರಪ್ಪ ಕೋಲೂರಿ ಎದ್ದು, ಹೆಗಲ ಮೇಲಿನ ವಲ್ಲಿಯನ್ನು ತೆಗೆದು, ಹರಿವಾಣದ ಮೇಲೆ ಮುಚ್ಚಿದರು. "ನಾಳೆ ಒಂಬತ್ತು ಗಂಟೆ" ಎಂದರು. ಅಳಿಯನ ಮುಖ ನೋಡದೆ ಒಳಗೆ ಹೋದರು.

*

ಗೇಟಿನ ಹೊರಗೆ, ಲಾರಿ ತೂಗುವ ವೇಬ್ರಿಜ್ಜಿನ ಕಟ್ಟೆಯ ಮೇಲೆ ಕೂತು ಅವಳು ಅಪ್ಪನಿಗೆ ಫೋನು ಹಚ್ಚಿದಳು. ಬಿಸಿಲು ಇನ್ನೂ ಇಳಿದಿರಲಿಲ್ಲ. ಆ ಕಡೆ ನಾದಸ್ವರ, ಜನರ ಗದ್ದಲ, ಟೋಕನ್ನುಗಳು ಡಬ್ಬಿಯಲ್ಲಿ ಗಲಗಲ ಅನ್ನುವ ಸದ್ದು.

"ಹರಿವಾಣಕ್ಕೆ ಬೀಗದ ಕೈ ಬಿತ್ತಾ ಮಗಳೇ?"

"ಬಿತ್ತು ಅಪ್ಪಾ. ಯಾರೂ ಎತ್ತಿಲ್ಲ."

ಟೋಕನ್ನಿನ ಸದ್ದು ನಿಂತಿತು. ಅಪ್ಪ ಎಲ್ಲಿಗೋ ಸರಿದು ನಿಂತ ಹಾಗಿತ್ತು. ನಾದಸ್ವರ ದೂರವಾಯಿತು.

"ಜುಲೈದು ಕೇಳಿದ್ರಾ?"

ಅವಳು ಇನ್ನೂ ಜುಲೈ ಎಂಬ ಪದ ಎತ್ತಿರಲಿಲ್ಲ. "ಕೇಳಿದ್ರು" ಎಂದಳು.

ಹಾಲೇಶಪ್ಪ ಉಸಿರು ಬಿಟ್ಟಿದ್ದು ಕೇಳಿಸಿತು. ಏಳು ವರ್ಷ ಹಿಡಿದಿಟ್ಟುಕೊಂಡಿದ್ದ ಉಸಿರು. ಅದರಲ್ಲಿ ನಾಚಿಕೆಯಿದ್ದಂತೆ ಅವಳಿಗೆ ಅನ್ನಿಸಲಿಲ್ಲ. ಇನ್ನೇನೋ ಇತ್ತು. ಹೆದರಿಕೆ, ಅದೂ ತನಗಾಗಿ ಅಲ್ಲದ್ದು.

"ಹಾಗಾದ್ರೆ ನನ್ನ ಮಾತು ಕೇಳು" ಎಂದ ಅಪ್ಪ. "ಆ ವರ್ಷದ ಲೆಕ್ಕದಲ್ಲಿ ಗೋಣಿ ಚೀಲದ ಪುಟಾನೂ ನಿನಗೆ ಸಿಕ್ಕೇ ಇರುತ್ತೆ, ಅದನ್ನ ಗಂಗಾಧರಪ್ಪನವರಿಗೆ ಮಾತ್ರ ತೋರಿಸ್ಬೇಡ. ಆ ಚೀಲದ ಚೀಟಿಗೆ ರುಜು ಹಾಕಿದ್ದು ಅವರೇ."